ಆಟಿಯ ಮಳೆಯಲ್ಲಿ ಬೊಲಿವಿಯಾಕ್ಕೆ: ಕಡಲ ಮಟ್ಟದವರು ಎತ್ತರದ ದೇಶಕ್ಕೆ ಹೊರಡುವ ಕ್ರಮ

"ಬೊಲಿವಿಯಾಕ್ಕೆ ಹೋಗಲು ಯಾವ ತಿಂಗಳು ಒಳ್ಳೆಯದು? ಅಲ್ಲಿ ಉಸಿರು ಕಟ್ತದಂತೆ, ಹೌದಾ?" ಮಂಗಳೂರು, ಉಡುಪಿ ಕಡೆಯ ಓದುಗರು ಈ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾವು ಕಡಲ ಮಟ್ಟದಲ್ಲಿ ಬದುಕುವವರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಬೊಲಿವಿಯಾದ ಲಾ ಪಾಸ್ ನಗರ ಸುಮಾರು 3,640 ಮೀಟರ್ ಎತ್ತರದಲ್ಲಿದೆ. ಅದರ ವಿಮಾನ ನಿಲ್ದಾಣ ಇರುವ ಎಲ್ ಆಲ್ಟೋ ಸುಮಾರು 4,060 ಮೀಟರ್. ಮುಳ್ಳಯ್ಯನಗಿರಿಯ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಆ ನಿಲ್ದಾಣದ ಮಟ್ಟ ಮುಟ್ಟುವುದಿಲ್ಲ. ಹಾಗಾಗಿ ಈ ಪ್ರವಾಸದಲ್ಲಿ ಯಾವ ಊರಿನ ನಂತರ ಯಾವ ಊರು ಅನ್ನುವ ಲೆಕ್ಕವೇ ಎಲ್ಲಕ್ಕಿಂತ ದೊಡ್ಡದು. ಆ ಲೆಕ್ಕ ತಪ್ಪಿದರೆ ಖರ್ಚು ಮಾಡಿದ ದುಡ್ಡು ಹೋಟೆಲಿನ ಹಾಸಿಗೆಯಲ್ಲೇ ಮುಗಿಯುತ್ತದೆ.

1. ತಿಂಗಳು ಗೊತ್ತುಮಾಡಿ

ಬೊಲಿವಿಯಾ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ನಮ್ಮಲ್ಲಿ ಮಳೆಗಾಲ ಇರುವಾಗ ಅಲ್ಲಿ ಚಳಿಗಾಲ, ಮಳೆಯಿಲ್ಲದ ಒಣ ಕಾಲ. ಮೇ ತಿಂಗಳಿಂದ ಅಕ್ಟೋಬರ್ ತನಕ ಇದು ಇರುತ್ತದೆ. ಆಟಿ ತಿಂಗಳಲ್ಲಿ ಇಲ್ಲಿ ಅಂಗಳಕ್ಕೆ ಇಳಿಯಲು ಆಗದಷ್ಟು ಮಳೆ ಹೊಯ್ಯುವಾಗ ಅಲ್ಲಿ ಆಕಾಶ ಒಂದು ಮೋಡವಿಲ್ಲದೆ ನೀಲಿಯಾಗಿರುತ್ತದೆ.

ಆದರೆ ಆರು ತಿಂಗಳೂ ಒಂದೇ ರೀತಿ ಇರುವುದಿಲ್ಲ. ಮೇ ತಿಂಗಳಲ್ಲಿ ಮಳೆ ಆಗಷ್ಟೇ ನಿಂತಿರುತ್ತದೆ, ಬೆಟ್ಟಗಳಲ್ಲಿ ಇನ್ನೂ ಹಸಿರು ಕಾಣುತ್ತದೆ, ಜನ ಕಡಿಮೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಬೇಸಿಗೆ ರಜೆಯ ಕೊನೆಯ ಭಾಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಜೂನ್, ಜುಲೈಯಲ್ಲಿ ಹಗಲು ಚಂದ, ರಾತ್ರಿ ಕಡು ಚಳಿ. ಜುಲೈ, ಆಗಸ್ಟಿನಲ್ಲಿ ಯುರೋಪಿನವರ ರಜೆ ಇರುವುದರಿಂದ ಜನ ಜಾಸ್ತಿ, ದರವೂ ಜಾಸ್ತಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಪೂರ್ವದ ತಗ್ಗು ಪ್ರದೇಶದಲ್ಲಿ ಹೊಲ ಮಾಡಲು ಕಾಡಿಗೆ, ಹುಲ್ಲಿಗೆ ಬೆಂಕಿ ಹಾಕುತ್ತಾರೆ. ಕೆಲವು ವರ್ಷ ಸಾಂತಾ ಕ್ರೂಸ್ ನಗರವನ್ನು ಹೊಗೆ ಪೂರ್ತಿ ಮುಚ್ಚುತ್ತದೆ. ಉಬ್ಬಸ ಇರುವವರು ಆ ಎರಡು ತಿಂಗಳು ಬಿಟ್ಟುಬಿಡಿ.

ನನ್ನನ್ನು ಕೇಳಿದರೆ ಮೇ ಕೊನೆಯಿಂದ ಜೂನ್ ಕೊನೆಯ ತನಕ ಒಳ್ಳೆಯದು. ಜೂನ್ 21ಕ್ಕೆ ಅಲ್ಲಿಯ ಐಮಾರಾ ಜನರ ಹೊಸ ವರ್ಷ. ತಿವಾನಾಕು ಎಂಬ ಹಳೆಯ ನಗರದ ಅವಶೇಷಗಳ ನಡುವೆ, ಕೊರೆಯುವ ಚಳಿಯಲ್ಲಿ ನಿಂತು ಸಾವಿರಾರು ಜನ ಮೊದಲ ಬಿಸಿಲಿಗೆ ಅಂಗೈ ಒಡ್ಡುತ್ತಾರೆ. ನಮ್ಮ ಬಿಸು ಹಬ್ಬ ಆಚರಿಸುವವರಿಗೆ ಅದು ತೀರಾ ಪರಕೀಯ ಅನ್ನಿಸುವುದಿಲ್ಲ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದಿದೆ. ಉಯುನಿಯ ಉಪ್ಪಿನ ಬಯಲಿನಲ್ಲಿ ಆಕಾಶವೇ ನೆಲದ ಮೇಲೆ ಬಿದ್ದಂತೆ ಕಾಣುವ ಫೋಟೋ ನೋಡಿ ಜುಲೈಗೆ ಟಿಕೆಟ್ ಮಾಡುತ್ತಾರೆ. ಆ ಕನ್ನಡಿ ಜನವರಿಯಿಂದ ಮಾರ್ಚ್ ತನಕ, ಮಳೆ ನೀರು ಉಪ್ಪಿನ ಮೇಲೆ ನಿಂತಾಗ ಮಾತ್ರ ಸಿಗುವುದು. ಒಣ ಕಾಲದಲ್ಲಿ ನೋಡಸಿಗುವುದು ಬಿಳಿ ಉಪ್ಪಿನ ಮೇಲೆ ಜೇನುಗೂಡಿನಂತೆ ಎದ್ದ ಆರು ಮೂಲೆಯ ಗೆರೆಗಳು. ನನಗೆ ಅದೇ ಇಷ್ಟ. ಆದರೆ ನಿಮಗೆ ಕನ್ನಡಿಯೇ ಬೇಕು ಅಂತಿದ್ದರೆ ಈ ಕಾಲಕ್ಕೆ ಹೋಗಬೇಡಿ.

2. ಕಾಗದಪತ್ರ ಮತ್ತು ಹಳದಿ ಜ್ವರದ ಚುಚ್ಚುಮದ್ದು

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಇಲ್ಲದಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಉಳಿದದ್ದು. ಭಾರತೀಯರಿಗೆ ಬೊಲಿವಿಯಾ ವೀಸಾ ಬೇಕು. ಅವರ ರಾಯಭಾರ ಕಚೇರಿ ದೆಹಲಿಯಲ್ಲಿದೆ. ಹೋಗಿ ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ದಿನವಾರು ಪ್ರವಾಸದ ವಿವರ, ಫೋಟೋ ಇವೆಲ್ಲ ತಯಾರಿರಲಿ. "ಅಲ್ಲಿ ಇಳಿದ ಮೇಲೂ ವೀಸಾ ಸಿಗ್ತದೆ" ಅಂತ ಯಾರಾದರೂ ಹೇಳಿದರೂ ಕೈಯಲ್ಲಿ ವೀಸಾ ಹಿಡಿದೇ ಹೊರಡಿ. ದಾರಿಯಲ್ಲಿ ವಿಮಾನ ಹತ್ತಿಸುವ ಸಿಬ್ಬಂದಿಗೆ ಆ ನಿಯಮ ಗೊತ್ತಿಲ್ಲದಿದ್ದರೆ ನೀವು ಅಲ್ಲೇ ಬಾಕಿ.

ಹಳದಿ ಜ್ವರ ಸೊಳ್ಳೆಯಿಂದ ಬರುವ ಕಾಯಿಲೆ. ಭಾರತದಲ್ಲಿ ಅದು ಇಲ್ಲ, ಬೊಲಿವಿಯಾದ ತಗ್ಗು ಪ್ರದೇಶದಲ್ಲಿ ಇದೆ. ಅದಕ್ಕಾಗಿ ಚುಚ್ಚುಮದ್ದು ಬೇಕು. ಇದರಲ್ಲಿ ಮೂರು ವಿಷಯ ನೆನಪಿಡಿ. ಒಂದು, ಸರ್ಕಾರ ಮಾನ್ಯ ಮಾಡಿದ ಕೆಲವೇ ಕೇಂದ್ರಗಳಲ್ಲಿ ಕೊಡುವ ಚುಚ್ಚುಮದ್ದಿಗೆ ಮಾತ್ರ ಬೆಲೆ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿ ನೋಡಿ, ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳಿ. ಎರಡು, ಚುಚ್ಚಿಸಿಕೊಂಡು 10 ದಿನ ಆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ಹೊರಡುವ ಹಿಂದಿನ ವಾರ ಓಡಿದರೆ ಪ್ರಯೋಜನ ಇಲ್ಲ. ಮೂರು, ಮೊಟ್ಟೆ ತಿಂದರೆ ಅಲರ್ಜಿ ಆಗುವವರು, ಗರ್ಭಿಣಿಯರು, 60 ದಾಟಿದವರು, ರೋಗ ನಿರೋಧಕ ಶಕ್ತಿ ಕುಗ್ಗಿದವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಒಮ್ಮೆ ಚುಚ್ಚಿಸಿಕೊಂಡರೆ ಆ ಹಳದಿ ಕಾರ್ಡು ಜೀವನ ಪೂರ್ತಿ ನಡೆಯುತ್ತದೆ.

3. ಟಿಕೆಟ್ ಮಾಡುವಾಗ

ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇದೆ. ದುಬೈಯಿಂದ ಬ್ರೆಜಿಲ್‌ನ ಸಾವೊ ಪಾವ್ಲೊಗೂ ನೇರ ವಿಮಾನ ಇದೆ. ಅಲ್ಲಿಂದ ಬೊಲಿವಿಯಾದ ಸಾಂತಾ ಕ್ರೂಸ್ ಹತ್ತಿರ. ನಕ್ಷೆಯಲ್ಲಿ ಇದೇ ಸುಲಭದ ದಾರಿ ಅನ್ನಿಸುತ್ತದೆ. ಆದರೆ ಮಂಗಳೂರು–ದುಬೈ ಒಂದು ಟಿಕೆಟ್, ಮುಂದಿನದ್ದು ಇನ್ನೊಂದು ಟಿಕೆಟ್ ಆದರೆ ದುಬೈಯಲ್ಲಿ ನೀವು ಹೊರಗೆ ಬಂದು ಲಗೇಜು ತೆಗೆದುಕೊಂಡು ಮತ್ತೆ ಒಳಗೆ ಹೋಗಬೇಕಾಗುತ್ತದೆ. ಅದಕ್ಕೆ ಅಲ್ಲಿಯ ವೀಸಾ ಬೇಕು. ಬ್ರೆಜಿಲ್‌ನಲ್ಲೂ ಇದೇ ಕತೆ. ಎಲ್ಲ ಹಾರಾಟಗಳೂ ಒಂದೇ ಬುಕಿಂಗ್ ನಂಬರಿನಲ್ಲಿ ಇರಲಿ, ಲಗೇಜು ಸಾಂತಾ ಕ್ರೂಸಿಗೇ ಹೋಗುತ್ತದಾ ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಅಮೆರಿಕ ಮೂಲಕ ಹೋದರೆ ಬರೀ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು. ಯುರೋಪಿನ ಕೆಲವು ದೇಶಗಳೂ ಇದೇ ರೀತಿ ಕೇಳುತ್ತವೆ.

ಬೆಂಗಳೂರು ಅಥವಾ ಮುಂಬೈಯಿಂದ ಹೊರಡುವವರಿಗೆ ಇನ್ನೊಂದು ಮಾತು. ಜುಲೈಯಲ್ಲಿ ಶಿರಾಡಿ ಘಾಟಿ ಯಾವ ದಿನ ಕುಸಿಯುತ್ತದೆ ಅಂತ ಹೇಳಲಾಗುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಹಾಗೆಯೇ. ಬಜ್ಪೆಯಲ್ಲಿ ಮಳೆ, ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ. ಪೂರ್ತಿ ಒಂದು ದಿನ ಮೊದಲೇ ಊರು ಬಿಡಿ.

4. ಊರುಗಳ ಕ್ರಮ: ಇದನ್ನು ಎರಡು ಸಲ ಓದಿ

ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ. ಲಾ ಪಾಸ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ತೀರದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಹೊಂದಿಕೊಳ್ಳುವ ಮೊದಲೇ ಮೇಲೆ ಹೋದರೆ ತಲೆನೋವು, ವಾಕರಿಕೆ, ಸುಸ್ತು, ನಿದ್ದೆಗೇಡು ಶುರುವಾಗುತ್ತದೆ. ಇದನ್ನೇ ಬೆಟ್ಟದ ಕಾಯಿಲೆ ಅನ್ನುತ್ತಾರೆ. 2,500 ಮೀಟರ್ ದಾಟಿದ ಮೇಲೆ ಯಾರಿಗೂ ಬರಬಹುದು. ದಿನಾ ಜಿಮ್ಮಿಗೆ ಹೋಗುವ ಹುಡುಗನಿಗೆ ಬಂದು, ಅವನ ಅಮ್ಮನಿಗೆ ಬಾರದೆ ಇರಬಹುದು.

ಡಾಕ್ಟರುಗಳು ಹೇಳುವ ಲೆಕ್ಕ ಹೀಗಿದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಒಂದು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಒಂದು ದಿನ ನಿಲ್ಲಬೇಕು. ಹಗಲು ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಇಲ್ಲಿ ಲೆಕ್ಕ.

ಟಿಕೆಟ್ ಅಗ್ಗ ಅಂತ ನೇರವಾಗಿ ಲಾ ಪಾಸ್‌ಗೆ ಇಳಿದರೆ ಕಡಲ ಮಟ್ಟದಿಂದ 4,060 ಮೀಟರಿಗೆ ಒಂದೇ ನೆಗೆತ. ದಯವಿಟ್ಟು ಹಾಗೆ ಮಾಡಬೇಡಿ. ಈ ಕ್ರಮ ಹಿಡಿಯಿರಿ:

ಸಾಂತಾ ಕ್ರೂಸ್, ಸುಮಾರು 400 ಮೀಟರ್, ಒಂದು ರಾತ್ರಿ. ಪ್ರಯಾಣದ ಆಯಾಸ ಕಳೆಯಲಿಕ್ಕೆ ಮಾತ್ರ. ನಮಗಿಂತ ಅಲ್ಲಿ ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ, ಹಾಗಾಗಿ ನಿದ್ದೆ ತಲೆಕೆಳಗಾಗಿರುತ್ತದೆ.

ಸಮೈಪಾತಾ, ಸುಮಾರು 1,600 ಮೀಟರ್, ಎರಡು ರಾತ್ರಿ. ಸಾಂತಾ ಕ್ರೂಸಿನಿಂದ 120 ಕಿಲೋಮೀಟರ್ ಆಸುಪಾಸು. ಸಣ್ಣ ತಂಪು ಊರು. ಇಡೀ ಬಂಡೆಯನ್ನೇ ಕೆತ್ತಿ ಮಾಡಿದ ಪ್ರಾಚೀನ ನೆಲೆ ಇಲ್ಲಿದೆ, 1998ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ಸುಕ್ರೆ, ಸುಮಾರು 2,800 ಮೀಟರ್, ಮೂರು ರಾತ್ರಿ. ಬೊಲಿವಿಯಾದ ಸಂವಿಧಾನದ ಪ್ರಕಾರ ರಾಜಧಾನಿ ಇದೇ, 1825ರ ಆಗಸ್ಟ್ 6ರಂದು ಸ್ವಾತಂತ್ರ್ಯ ಘೋಷಿಸಿದ್ದೂ ಇಲ್ಲೇ. ಬಿಳಿ ಗೋಡೆಯ ಮನೆಗಳು, ಹದವಾದ ಬಿಸಿಲು. ಮೂರನೇ ದಿನ "ನಮಗೆ ಏನೂ ಆಗಲಿಲ್ಲ, ಬೇಗ ಹೊರಡುವಾ" ಅನ್ನಿಸುತ್ತದೆ. ಹೊರಡಬೇಡಿ. ದೇಹ ಕೆಲಸ ಮಾಡುತ್ತಿರುವುದು ಆಗಲೇ.

ಉಯುನಿ, ಸುಮಾರು 3,650 ಮೀಟರ್. ಬಸ್ಸು ಪೊಟೊಸಿ ಮೂಲಕ ಹೋಗುತ್ತದೆ. ಪೊಟೊಸಿ ಸುಮಾರು 4,000 ಮೀಟರ್ ಎತ್ತರದ ಗಣಿ ಊರು, ಮೊದಲ ಸಲ ಅಲ್ಲಿ ಮಲಗುವುದು ಬೇಡ. ಸುಕ್ರೆಯಿಂದ ಉಯುನಿಗೆ ಏರುವ 850 ಮೀಟರ್ 500ರ ಲೆಕ್ಕಕ್ಕಿಂತ ಜಾಸ್ತಿಯೇ. ಆದ್ದರಿಂದಲೇ ಸುಕ್ರೆಯಲ್ಲಿ ಮೂರು ರಾತ್ರಿ ಬೇಕು, ಉಯುನಿಯಲ್ಲೂ ಎರಡು ರಾತ್ರಿ ಸುಮ್ನೆ ಇರಬೇಕು. ಆಮೇಲೆ ಮೂರು ದಿನದ ಜೀಪು ಸುತ್ತಾಟ.

ಕೊನೆಗೆ ಲಾ ಪಾಸ್ ಮತ್ತು ಟಿಟಿಕಾಕಾ ಸರೋವರ. ಸರೋವರ 3,812 ಮೀಟರಿನಲ್ಲಿದೆ. ಅಷ್ಟು ಹೊತ್ತಿಗೆ ನಿಮ್ಮ ದೇಹ ಪಳಗಿರುತ್ತದೆ. ಲಾ ಪಾಸ್‌ನ ಏರು ರಸ್ತೆಗಳನ್ನು ಹತ್ತಲು ಕಷ್ಟವಾದರೆ 2014ರಲ್ಲಿ ಶುರುವಾದ ಕೇಬಲ್ ಕಾರ್ ಇದೆ. ಅದು ಅಲ್ಲಿಯ ಸಿಟಿ ಬಸ್ಸಿನ ಹಾಗೆ, ಜನ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಂದ ಸಾಂತಾ ಕ್ರೂಸಿಗೆ ಒಂದು ಗಂಟೆಯ ವಿಮಾನ, ಹಾಗೇ ಊರಿಗೆ.

ಇದಕ್ಕೆಲ್ಲ ಪ್ರಯಾಣ ಸೇರಿ 20 ದಿನ ಬೇಕು. ರಜೆ 10 ದಿನ ಮಾತ್ರ ಅಂದರೆ ಸಾಂತಾ ಕ್ರೂಸ್, ಸಮೈಪಾತಾ, ಸುಕ್ರೆ ನೋಡಿ ಬನ್ನಿ. ಉಪ್ಪಿನ ಬಯಲಿಗೆ ಇನ್ನೊಮ್ಮೆ ಹೋಗಬಹುದು.

5. ಹೊರಡುವ ಮೊದಲು ಡಾಕ್ಟರ ಹತ್ತಿರ

ಹೃದಯದ ತೊಂದರೆ, ಶ್ವಾಸಕೋಶದ ತೊಂದರೆ, ಹಿಡಿತದಲ್ಲಿಲ್ಲದ ಬಿಪಿ ಇದ್ದವರು, ಗರ್ಭಿಣಿಯರು ಡಾಕ್ಟರು ಒಪ್ಪದೆ ಟಿಕೆಟ್ ಮಾಡಬೇಡಿ. ಅಸೆಟಜೋಲಮೈಡ್ ಎಂಬ ಮಾತ್ರೆ ಬಗ್ಗೆಯೂ ಕೇಳಿ, ಡಯಾಮಾಕ್ಸ್ ಅಂತ ಹೆಚ್ಚು ಗೊತ್ತು. ಇದು ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಬೆರಳ ತುದಿ ಜುಮ್ಮೆನ್ನುವುದು, ಮೂತ್ರಕ್ಕೆ ಪದೇ ಪದೇ ಹೋಗುವುದು ಇದರ ಗುಣ, ಹೆದರಬೇಡಿ.

ಮೊದಲ ಎರಡು ದಿನ ನಿಧಾನ ನಡೆಯಿರಿ, ಕಡಿಮೆ ತಿನ್ನಿ, ನೀರು ಕುಡಿಯಿರಿ. ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ಕೊರೊನಾ ಕಾಲದಲ್ಲಿ ತಗೊಂಡ ಬೆರಳಿನ ಆಕ್ಸಿಮೀಟರ್ ಒಯ್ದರೆ ಅದರಲ್ಲಿ 90ಕ್ಕಿಂತ ಕೆಳಗೆ ತೋರಿಸಬಹುದು. ಆ ಎತ್ತರಕ್ಕೆ ಅದು ಸಹಜ. ಅಂಕೆಗಿಂತ ಮನುಷ್ಯನನ್ನು ನೋಡಿ. ಸುಮ್ನೆ ಕೂತಾಗಲೂ ಏದುಸಿರು, ನೊರೆ ಕಫದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಮಾತು ತಡವರಿಸಿದರೆ, ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಾಗದಿದ್ದರೆ ಮೆದುಳು ಊದಿಕೊಳ್ಳುತ್ತಿದೆ. ಇವೆರಡಕ್ಕೂ ಬೆಳಗಾಗಲಿ ಅಂತ ಕಾಯಬಾರದು. ಆ ರಾತ್ರಿಯೇ ಕೆಳಗಿಳಿಯಬೇಕು, ಆಸ್ಪತ್ರೆಗೆ ಹೋಗಬೇಕು.

ಪ್ರವಾಸ ವಿಮೆಯಲ್ಲಿ ಎಷ್ಟು ಮೀಟರ್ ತನಕ ಹಣ ಕೊಡುತ್ತಾರೆ ಅಂತ ಬರೆದಿರುತ್ತದೆ. 5,000 ಮೀಟರ್ ತನಕವಾದರೂ ಇರಲಿ.

6. ಚೀಲಕ್ಕೆ ಏನೇನು

ಜೂನ್, ಜುಲೈ ರಾತ್ರಿಗಳಲ್ಲಿ ಉಯುನಿ ಕಡೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇಳಿಯುತ್ತದೆ. ಹೆಚ್ಚಿನ ತಂಗುಮನೆಗಳಲ್ಲಿ ಹೀಟರ್ ಇಲ್ಲ. ಹಗಲು ಮಾತ್ರ ಬಿಸಿಲು ಚುರುಕು. ಹಾಗಾಗಿ ಒಂದು ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕುವ ಬಟ್ಟೆ ಒಳ್ಳೆಯದು: ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ನಮ್ಮ ಊರಿನ ಅಂಗಡಿಗಳಲ್ಲಿ ಇದೆಲ್ಲ ಹುಡುಕಿ ಸುಸ್ತಾಗಬೇಡಿ. ಥರ್ಮಲ್ ಮಾತ್ರ ಒಯ್ಯಿರಿ. ಆಲ್ಪಾಕಾ ಉಣ್ಣೆಯ ಸ್ವೆಟರ್, ಟೊಪ್ಪಿ, ಕೈಗವಸು ಸುಕ್ರೆಯ ಮಾರುಕಟ್ಟೆಯಲ್ಲಿ ಸಿಗುತ್ತವೆ.

ಚಳಿಗಿಂತ ಜಾಸ್ತಿ ಕಾಡುವುದು ಒಣ ಗಾಳಿ. ನಮ್ಮ ಚರ್ಮಕ್ಕೆ ಬೆವರಿ ಮಾತ್ರ ಗೊತ್ತು. ಅಲ್ಲಿ ಎರಡೇ ದಿನಕ್ಕೆ ತುಟಿ ಸೀಳುತ್ತದೆ, ಬೆಳಿಗ್ಗೆ ಮೂಗು ಸೀಟಿದರೆ ರಕ್ತದ ಎಳೆ ಕಾಣುತ್ತದೆ. ತೆಂಗಿನೆಣ್ಣೆ ಒಯ್ಯುತ್ತೇನೆ ಅನ್ನುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಕಿರಿದಾದ ಬಾಯಿಯ ಬಾಟಲಿಯಲ್ಲಿ ಅದು ಮೇಣದಂತೆ ಗಟ್ಟಿಯಾಗಿ ಕೂರುತ್ತದೆ, ಬೆರಳೂ ಹೋಗುವುದಿಲ್ಲ, ಎಣ್ಣೆಯೂ ಬರುವುದಿಲ್ಲ. ಚಕ್ಕುಲಿ, ಬಾಳೆಕಾಯಿ ಚಿಪ್ಸಿನ ಪೊಟ್ಟಣಗಳು ಅಲ್ಲಿ ಬಲೂನಿನಂತೆ ಉಬ್ಬುತ್ತವೆ. ಪಿನ್ನಿನಿಂದ ಒಂದು ಚುಚ್ಚಿ ಗಾಳಿ ಬಿಟ್ಟು ರಬ್ಬರ್ ಹಾಕಿಡಿ. ಉಪ್ಪಿನಕಾಯಿ ಬಾಟಲಿ ಬೇಡವೇ ಬೇಡ, ಎಣ್ಣೆ ಮುಚ್ಚಳದಿಂದ ಉಕ್ಕಿ ಬಟ್ಟೆಯೆಲ್ಲ ಹಾಳು.

ತಂಪು ಕನ್ನಡಕ, ಸನ್‌ಸ್ಕ್ರೀನ್ ಖಂಡಿತ ಬೇಕು. ಪ್ಲಗ್ಗು ಎರಡು ಕಾಲಿನದ್ದು, ನಮ್ಮ ಸಪೂರ ಎರಡು ಪಿನ್ನಿನ ಚಾರ್ಜರ್ ಹಿಡಿಯುತ್ತದೆ. ವೋಲ್ಟೇಜ್ ನಮ್ಮ ಹಾಗೆಯೇ 230.

7. ಉಪ್ಪಿನ ಬಯಲಿನ ಮೂರು ದಿನ

ಸಲಾರ್ ದೆ ಉಯುನಿ 10,000 ಚದರ ಕಿಲೋಮೀಟರಿಗೂ ದೊಡ್ಡದು. ದಕ್ಷಿಣ ಕನ್ನಡ ಮತ್ತು ಉಡುಪಿ ಎರಡೂ ಜಿಲ್ಲೆಗಳನ್ನು ಅದರೊಳಗೆ ಇಟ್ಟರೂ ಜಾಗ ಉಳಿಯುತ್ತದೆ. ಒಣ ಕಾಲದಲ್ಲಿ ಬಯಲಿನ ನಡುವಿನ ಇಂಕಾವಾಸಿ ದ್ವೀಪದ ತನಕ ಜೀಪು ಹೋಗುತ್ತದೆ. ಮನುಷ್ಯನಿಗಿಂತ ಎಷ್ಟೋ ಎತ್ತರದ ಕಳ್ಳಿ ಗಿಡಗಳು ಅಲ್ಲಿ ನಿಂತಿವೆ.

ಉಯುನಿಯಲ್ಲಿ ಜೀಪು ಸುತ್ತಾಟದ ಏಜೆಂಟರು ಬೀದಿ ತುಂಬ ಇದ್ದಾರೆ. ಹಣ ಕೊಡುವ ಮೊದಲು ಆ ಜೀಪನ್ನೇ ನೋಡಬೇಕು ಅನ್ನಿ. ಪ್ರತಿ ಸೀಟಿಗೂ ಬೆಲ್ಟ್ ಇದೆಯಾ, ಸ್ಟೆಪ್ನಿ ಇದೆಯಾ, ಆಮ್ಲಜನಕದ ಸಿಲಿಂಡರ್ ಇದೆಯಾ, ಎಷ್ಟು ಜನ ಹತ್ತಿಸುತ್ತಾರೆ, ಎಲ್ಲ ಕೇಳಿ. ತೀರಾ ಅಗ್ಗದ್ದು ಹಿಡಿಯಬೇಡಿ. ದಾರಿಯಲ್ಲಿ ಆಸ್ಪತ್ರೆ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ.

ಎರಡನೇ ರಾತ್ರಿ ಕೆಂಪು ನೀರಿನ ಲಗುನಾ ಕೊಲೊರಾಡಾ ಸರೋವರದ ಹತ್ತಿರ, ಸುಮಾರು 4,300 ಮೀಟರಿನಲ್ಲಿ ಮಲಗುತ್ತೀರಿ. ಮೂರನೇ ದಿನ ನಸುಕಿಗೆ ನೆಲದಿಂದ ಬಿಸಿ ಹಬೆ ಏಳುವ ಜಾಗಕ್ಕೆ ಹೋಗುತ್ತಾರೆ, ಅದು 4,800 ಮೀಟರಿಗಿಂತ ಮೇಲೆ. ಇಡೀ ಪ್ರವಾಸದ ಅತಿ ಎತ್ತರ ಅದೇ. ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಸಿಗುತ್ತದೆ, ತಗೊಳ್ಳಿ. ಫೋನು, ಪವರ್ ಬ್ಯಾಂಕನ್ನು ಅದರೊಳಗೇ ಇಟ್ಟು ಮಲಗಿ, ಹೊರಗಿಟ್ಟರೆ ಚಳಿಗೆ ಬ್ಯಾಟರಿ ಇಳಿದಿರುತ್ತದೆ. ಹಗಲು ಸನ್‌ಸ್ಕ್ರೀನ್ ಹಚ್ಚುವಾಗ ಗಲ್ಲದ ಅಡಿಗೆ, ಮೂಗಿನ ಕೆಳಗೆ ಮರೆಯಬೇಡಿ. ಉಪ್ಪು ಬಿಸಿಲನ್ನು ಕೆಳಗಿನಿಂದ ಮೇಲಕ್ಕೆ ಎಸೆಯುತ್ತದೆ. ಸುಡುವುದು ಅಲ್ಲೇ.

8. ಊಟ

ಸಸ್ಯಾಹಾರಿಗಳು ಹೆದರುವಷ್ಟು ಕಷ್ಟ ಇಲ್ಲ. ನೂರಾರು ಬಗೆಯ ಆಲೂಗಡ್ಡೆ, ಮೆಕ್ಕೆಜೋಳ, ಕಿನೋವಾ ಎಂಬ ಸಣ್ಣ ಕಾಳು ಎಲ್ಲ ಅಲ್ಲಿಯದ್ದೇ. ಆದರೆ "ಮಾಂಸ ಬೇಡ" ಅಂತ ಮಾತ್ರ ಹೇಳಿದರೆ ಕೋಳಿ ಬರುತ್ತದೆ, ಅವರ ಮಾತಿನಲ್ಲಿ ಮಾಂಸ ಅಂದರೆ ದನದ್ದು. "ಸಿನ್ ಕಾರ್ನೆ, ಸಿನ್ ಪೊಯ್ಯೋ, ಸಿನ್ ಪೆಸ್ಕಾದೊ" ಅನ್ನಿ. ದನದ ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ ಅರ್ಥ. ತರಕಾರಿ ಸೂಪಿಗೂ ಮೂಳೆ ಬೇಯಿಸಿದ ನೀರು ಹಾಕುತ್ತಾರೆ, "ಕಾಲ್ದೊ" ಇದೆಯಾ ಅಂತ ಕೇಳಿ. ಬೆಳಿಗ್ಗೆ ಬೀದಿಯಲ್ಲಿ ಸಿಗುವ ಆಪಿ ಕುಡಿಯಲೇಬೇಕು. ನೇರಳೆ ಮೆಕ್ಕೆಜೋಳದ ದಪ್ಪ ಬಿಸಿ ಪಾನೀಯ, ಚಕ್ಕೆ ಲವಂಗದ ಪರಿಮಳ.

ಕುಚ್ಚಲಕ್ಕಿ ಒಯ್ದು ಗಂಜಿ ಮಾಡುತ್ತೇವೆ ಅಂತ ಕೆಲವರು ಬರೆದಿದ್ದಾರೆ. ಲಾ ಪಾಸ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ನಮ್ಮ ಕುಚ್ಚಲಕ್ಕಿ ಗಂಟೆಗಟ್ಟಲೆ ಇಟ್ಟರೂ ನಡುವೆ ಕಾಳು ಉಳಿಯುತ್ತದೆ. ಕುಕ್ಕರ್ ಇಲ್ಲದೆ ಆಗುವುದಿಲ್ಲ. ಅದರ ಬದಲು ತೆಳು ಅವಲಕ್ಕಿ ಒಯ್ಯಿರಿ. ಹಸಿ ಹಣ್ಣು, ಬೀಜ, ತರಕಾರಿ ಮಾತ್ರ ಬೇಡ, ಗಡಿಯಲ್ಲಿ ತೆಗೆದುಹಾಕುತ್ತಾರೆ.

9. ಹಣ ಮತ್ತು ರಸ್ತೆ ತಡೆ

ಅಲ್ಲಿಯ ನಾಣ್ಯ ಬೊಲಿವಿಯಾನೊ. ಅಮೆರಿಕನ್ ಡಾಲರ್ ನಗದು ಒಯ್ಯಿರಿ. ಮಡಿಕೆ, ಹರಿದ ಅಂಚು, ಪೆನ್ನಿನ ಗುರುತು ಇರುವ ನೋಟು ತೆಗೆದುಕೊಳ್ಳುವುದಿಲ್ಲ, ಇಲ್ಲೇ ನೋಡಿ ತೆಗೆದುಕೊಳ್ಳಿ. ಸಣ್ಣ ಊರಿಗೆ, ಜೀಪು ಸುತ್ತಾಟದ ನಡುವಿನ ಅಭಯಾರಣ್ಯದ ಪ್ರವೇಶಕ್ಕೆ ಬೊಲಿವಿಯಾನೊ ನಗದೇ ಬೇಕು.

"ಬ್ಲೊಕೆಯೊ" ಅನ್ನುವ ಪದ ಕಲಿತುಕೊಳ್ಳಿ. ರಸ್ತೆ ತಡೆ ಅಂತ ಅರ್ಥ. ಬೇಡಿಕೆ ಇದ್ದಾಗ ಜನ ಹೆದ್ದಾರಿಗೆ ಕಲ್ಲು, ಮಣ್ಣು ಹಾಕಿ ಕೂರುತ್ತಾರೆ. ಕೆಲವೊಮ್ಮೆ ಗಂಟೆ, ಕೆಲವೊಮ್ಮೆ ವಾರ. ತಡೆಯನ್ನು ದಾಟಿ ಹೋಗಲು ಪ್ರಯತ್ನಿಸಬೇಡಿ, ವಾದವೂ ಬೇಡ. ಬಸ್ ಟಿಕೆಟ್ ಮಾಡುವ ಮೊದಲು ಹೋಟೆಲಿನವರನ್ನು ಕೇಳಿ. ವಾಪಸ್ ವಿಮಾನಕ್ಕೆ ಮೊದಲು ಎರಡು ದಿನ ಖಾಲಿ ಇಟ್ಟುಕೊಳ್ಳಿ.

10. ವಾಪಸ್ ಬರುವಾಗ

ಬೊಲಿವಿಯಾದಲ್ಲಿ ಎಲ್ಲೆಲ್ಲೂ ಕೋಕಾ ಎಲೆಯ ಚಹಾ ಕೊಡುತ್ತಾರೆ. ಬೆಟ್ಟದ ಕಾಯಿಲೆಗೆ ಒಳ್ಳೆಯದು ಅಂತ ಅವರ ನಂಬಿಕೆ, ಅಲ್ಲಿ ಅದು ಕಾನೂನುಬದ್ಧ. ಆದರೆ ಕೊಕೇನ್ ಮಾಡುವುದು ಅದೇ ಎಲೆಯಿಂದ. ಭಾರತದ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಕೋಕಾ ಎಲೆಯ ಹೆಸರೇ ಇದೆ, ಜೈಲಿಗೆ ಹೋಗುವ ಅಪರಾಧ. ಒಂದು ಚಹಾ ಪೊಟ್ಟಣವನ್ನೂ, ಕೋಕಾ ಮಿಠಾಯಿಯನ್ನೂ ನೆನಪಿಗೆ ಅಂತ ತರಬೇಡಿ. ಜೀಪಿನ ಡ್ರೈವರ್ ಪ್ರೀತಿಯಿಂದ ಕೊಟ್ಟ ಎರಡು ಎಲೆ ಜಾಕೆಟಿನ ಕಿಸೆಯಲ್ಲಿ ಉಳಿದಿರಬಹುದು. ಸಾಂತಾ ಕ್ರೂಸಿನಲ್ಲಿ ಕೊನೆಯ ರಾತ್ರಿ ಎಲ್ಲ ಕಿಸೆಗಳನ್ನೂ ಮಗುಚಿ ಕೊಡವಿ.

ಹಳದಿ ಜ್ವರದ ಕಾರ್ಡನ್ನು ಚೆಕ್‌ಇನ್ ಲಗೇಜಿಗೆ ಹಾಕಬೇಡಿ. ಪಾಸ್‌ಪೋರ್ಟಿನ ಒಳಗೇ ಇಡಿ. ಭಾರತಕ್ಕೆ ಇಳಿದಾಗ ಆರೋಗ್ಯ ಅಧಿಕಾರಿಗಳು ಅದನ್ನು ಕೇಳುತ್ತಾರೆ. ತೋರಿಸಲು ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು.